ನಾಣ್ಯ ಬಿದ್ದರೆ ಮೊದಲಿಂದ

ನನ್ನ ಹತ್ತಿರ ಒಂದು ಹಾಡು ಇದೆ. ಪೂರ್ತಿ ಇಲ್ಲ. ಮೂರು ಚರಣ ಇವೆ, ಆಮೇಲೆ ಒಂದು ನಾಣ್ಯ ಬೀಳುವ ಸದ್ದು, ಆಮೇಲೆ ಕೆಮ್ಮು. ನಾಲ್ಕನೆಯ ಚರಣ ಎಲ್ಲೂ ಇಲ್ಲ. ಅದನ್ನು ಹಾಡಬೇಕಿದ್ದವರು ಬದುಕಿದ್ದಾರೆ, ಭಾನುವಾರ ಹೋದರೆ ಸಿಗುತ್ತಾರೆ. ಹಾಡುವುದಕ್ಕೆ ಬೇಕಾದದ್ದು ಅವರ ಗಂಟಲಲ್ಲಿ ಉಳಿದಿಲ್ಲ, ಅಷ್ಟೆ.

ಕೆಲಸಕ್ಕೆಂದು ಬಂದ ಈ ಪರದೇಶದ ಟೋವಾ ಪಾಯೋ ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಬ್ಲಾಕಿನಿಂದ ಮಾರ್ಕೆಟ್ಟಿಗೆ ಹೋಗುವಾಗ, ಮೇಲೆ ಶೀಟ್ ಹೊದಿಸಿದ ಒಂದು ಕಾಲುದಾರಿ ಸಿಗುತ್ತದೆ. ತರಕಾರಿ ಟ್ರಾಲಿ ಎಳೆದುಕೊಂಡು ಹೋಗುವ ಆಂಟಿಯರ ದಾರಿ ಅದು. ಅಲ್ಲಿ ಭಾನುವಾರ ಬೆಳಿಗ್ಗೆ ಇಬ್ಬರು ಮುದುಕರು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಒಬ್ಬರ ತೊಡೆಯ ಮೇಲೆ ಚೌಕದ ಬಿಸ್ಕತ್ ಟಿನ್ನು. ಅದಕ್ಕೆ ಒಂದು ಹಲಗೆ ಸಿಕ್ಕಿಸಿ, ಸೈಕಲ್ ಬ್ರೇಕಿನ ತಂತಿಯ ಒಂದೇ ಒಂದು ಎಳೆ ಬಿಗಿದಿದ್ದರು. ಸಾಸ್ ಬಾಟಲಿಯ ಕತ್ತನ್ನು ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿದರೆ, ಮಗು ಹಟ ಮಾಡಿ ಅಳುವಂಥ ಸದ್ದು. ಟಿನ್ನಿನ ಮುಖಕ್ಕೆ ಅಂಗೈಯಷ್ಟು ತೂತು ಕೊರೆದಿತ್ತು. ಇನ್ನೊಬ್ಬರದು ಪೇಂಟಿನ ಬಕೆಟ್ಟು. ಬೋರಲು ಹಾಕಿ, ತಳಕ್ಕೆ ನೈಲಾನ್ ಹಗ್ಗ ಕಟ್ಟಿ, ಇಲ್ಲಿ ಎಲ್ಲರೂ ಕಿಟಕಿಯಾಚೆ ಬಟ್ಟೆ ಒಣಗಿಸುವ ಬಿದಿರು ಗಳುವನ್ನೇ ಮೊಟಕು ಮಾಡಿ ಅದರ ತುದಿಗೆ ಹಗ್ಗ ಬಿಗಿದಿದ್ದರು. ಗಳು ಎಳೆದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಚರಂಡಿಯ ಕಬ್ಬಿಣದ ಜಾಲರಿಯ ಮೇಲೆ ಇಟ್ಟರೆ ಮಾತ್ರ ಬಕೆಟ್ಟು ಗುಂಯ್ ಅನ್ನುತ್ತದೆ. ಹಾಡುತ್ತಿದ್ದವರು ಈ ಬಕೆಟ್ಟಿನವರು.

ನಾನು ಅವರನ್ನು ಟಿನ್ ಅಂಕಲ್, ಬಕೆಟ್ ಅಂಕಲ್ ಅಂತಲೇ ಕರೆಯುತ್ತಿದ್ದೆ. ಟಿನ್ ಅಂಕಲ್ ತಮಿಳರು, ನನ್ನನ್ನು ‘ಮಾ’ ಅನ್ನುತ್ತಾರೆ. ಬಕೆಟ್ ಅಂಕಲ್ ಚೀನೀಯರು, ‘ಗರ್ಲ್’ ಅನ್ನುತ್ತಿದ್ದರು. ಅವರವರಲ್ಲಿ ಮಾತು ಈ ಊರಿನ ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ಒಬ್ಬರ ಭಾಷೆಯಲ್ಲಿ ಇನ್ನೊಬ್ಬರಿಗೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇಬ್ಬರೂ ಹರೆಯದಲ್ಲಿ ಹಡಗು ರಿಪೇರಿಯ ಯಾರ್ಡಿನಲ್ಲಿ ತುಕ್ಕು ಕೆರೆಯುವ ಕೆಲಸಕ್ಕಿದ್ದವರು. ಅಲ್ಲಿ ರಿಪೇರಿಗೆ ನಿಂತ ಯಾವುದೋ ಹಡಗಿನ ಅಡುಗೆಯವನೊಬ್ಬ, ಊಟದ ಹೊತ್ತಿನಲ್ಲಿ ಒಂದೇ ತಂತಿಯಲ್ಲಿ ಹೀಗೆ ಬಾರಿಸುತ್ತಿದ್ದನಂತೆ. ಹಡಗು ಹೋಯಿತು, ಇವರಿಗೆ ಅದು ಅಂಟಿಕೊಂಡಿತು. ಬ್ಲೂಸ್ ಅನ್ನುತ್ತಾರೆ ಇದಕ್ಕೆ. ಒಂದು ಸಾಲನ್ನು ಎರಡು ಸಲ ಹೇಳುವುದು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ನಮ್ಮೂರಲ್ಲಿ ಹೆಂಗಸರು ಹೆಣದ ಮುಂದೆ ಕೂತು ಹೇಳಿಕೊಂಡು ಅಳುತ್ತಾರಲ್ಲ, ಮೊದಲ ಸಲ ಕೇಳಿದಾಗ ನನಗೆ ಅದೇ ನೆನಪಾಯಿತು. ಬೆಂಡೆಕಾಯಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ನಮ್ಮಪ್ಪ ಓಲಗದವನು. ತುಮಕೂರಿನ ಕಡೆ ಮದುವೆಗಳಲ್ಲಿ ಊದುತ್ತಿದ್ದ. ಎಲ್ಲರ ಊಟ ಆದ ಮೇಲೆ ಓಲಗದವರಿಗೆ ಎಲೆ ಹಾಕುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಸಂಕೋಚ ಇಲ್ಲ. ಮದುವೆಗಳಿಲ್ಲದ ಆಷಾಢದಲ್ಲಿ, ಒಂದು ಬಾಯಿ ಕಡಿಮೆಯಾಗಲಿ ಅಂತ ಹಾಸ್ಟೆಲಿನಿಂದ ಮನೆಗೇ ಹೋಗದೆ ಉಳಿದು ಓದಿದವಳು. ಅಪ್ಪ ನನ್ನನ್ನು ವಾದ್ಯ ಮುಟ್ಟಲು ಬಿಡಲಿಲ್ಲ. ಈಗ ಕಾಕಿ ಬುಕಿತ್‌ನ ಗೋದಾಮುಗಳ ನಡುವೆ ಒಂದು ಕಂಪನಿಯಲ್ಲಿ ಸ್ಪೀಕರ್ ಟೆಸ್ಟ್ ಮಾಡುವ ಇಂಜಿನಿಯರ್. ಸದ್ದು ಅಳೆಯುವುದೇ ನನ್ನ ಕೆಲಸ.

ಅಪ್ಪ ಹೋದ ಮೇಲೆ ಅವನು ಊದಿದ್ದನ್ನು ಒಮ್ಮೆ ಕೇಳಬೇಕು ಅನ್ನಿಸಿತು. ಊರಿನವರ ಹತ್ತಿರ ಮದುವೆ ವಿಡಿಯೋಗಳನ್ನು ಕೇಳಿ ತರಿಸಿದೆ. ಬೇಕಾದಷ್ಟು ಸಿಕ್ಕವು. ಎಲ್ಲದರಲ್ಲೂ ಅಪ್ಪ ಇದ್ದಾನೆ. ತಾಳಿ ಕಟ್ಟುವ ಹೊತ್ತಿಗೆ ಕೆನ್ನೆ ಉಬ್ಬಿಸಿ, ಕುತ್ತಿಗೆಯ ನರ ಬಿಗಿದು ಊದುತ್ತಿದ್ದಾನೆ. ಕೇಳುವುದು ಸಿನಿಮಾ ಹಾಡು. ವಿಡಿಯೋದವರು ಮಂಟಪದ ಸದ್ದನ್ನು ತೆಗೆದುಹಾಕಿ ಮೇಲೆ ಹಾಡು ಕೂರಿಸುತ್ತಿದ್ದರು. ಆಗ ಎಲ್ಲರೂ ಹಾಗೇ ಮಾಡಿಸುತ್ತಿದ್ದರು, ಯಾರ ಮೇಲೂ ಸಿಟ್ಟು ಮಾಡುವ ಹಾಗಿಲ್ಲ. ಒಂದೊಂದಾಗಿ ಎಲ್ಲ ನೋಡಿ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿದೆ. ಆ ವರ್ಷವೇ ಕೈಯಲ್ಲಿ ಹಿಡಿಯುವಂಥ ಒಂದು ಒಳ್ಳೆಯ ರೆಕಾರ್ಡರ್ ಕೊಂಡೆ. ಬೀದಿಯಲ್ಲಿ ಊದುವವರು, ಬಾರಿಸುವವರು ಎಲ್ಲೇ ಕಂಡರೂ ಕೇಳಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಪುಂಗೋಲ್‌ನ ಕಾಲುವೆಯ ಪಕ್ಕ ಪ್ಲಾಸ್ಟಿಕ್ ಪೈಪು ಊದುವವರೊಬ್ಬರಿದ್ದಾರೆ, ಅವರದೂ ಇದೆ.

ಈ ಇಬ್ಬರದು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಅದಕ್ಕೆ ಕಾರಣ ಅವರ ಒಂದು ಕಟ್ಟುಪಾಡು. ಹಾಡು ನಡೆಯುತ್ತಿರುವಾಗ ಮುಂದಿಟ್ಟ ಡಬ್ಬಿಯಲ್ಲಿ ನಾಣ್ಯ ಬಿದ್ದರೆ, ಅಲ್ಲಿಗೇ ನಿಲ್ಲಿಸಿ, ಹಾಕಿದವರಿಗೆ ತಲೆ ಬಾಗಿಸಿ, ಮೊದಲಿಂದ ಶುರು ಮಾಡುವುದು. ಕೊಟ್ಟವರು ಪೂರ್ತಿ ಹಾಡಿಗೆ ಕೊಟ್ಟಿದ್ದಾರೆ, ಅರ್ಧ ಹಾಡು ಕೊಡುವುದು ಮೋಸ. ಕೊಟ್ಟವರು ಅಷ್ಟು ಹೊತ್ತಿಗೆ ಮೀನಿನ ಅಂಗಡಿ ತಲುಪಿರುತ್ತಿದ್ದರು, ಆ ಮಾತು ಬೇರೆ. ನೋಟು ಹಾಕಿದರೆ ಮೊದಲಿಂದ ಇಲ್ಲ, ಯಾಕೆಂದರೆ ಸದ್ದಾಗುವುದಿಲ್ಲ. “ನೋಟು ಕೊಡೋರು ಹಾಡು ಕೇಳಕ್ಕೆ ಕೊಡಲ್ಲ, ಹೋಗಕ್ಕೆ ಕೊಡ್ತಾರೆ” ಅನ್ನುತ್ತಿದ್ದರು ಬಕೆಟ್ ಅಂಕಲ್. ಇಲ್ಲಿ ಈಗ ಬೀದಿ ಹಾಡುಗಾರರೂ ಸ್ಕ್ಯಾನ್ ಮಾಡುವ ಕೋಡ್ ನೇತುಹಾಕುತ್ತಾರೆ. ಇವರು ಹಾಕಲಿಲ್ಲ. ಫೋನಿನೊಳಗೆ ಬಿದ್ದದ್ದು ಯಾರ ಕಿವಿಗೂ ಕೇಳುವುದಿಲ್ಲವಲ್ಲ.

ಮಾರ್ಕೆಟ್ ದಾರಿ, ಭಾನುವಾರ, ಚಿಲ್ಲರೆ ಇರುವ ಆಂಟಿಯರು. ಹಾಡು ಎರಡನೆಯ ಚರಣ ದಾಟಿದರೆ ದೊಡ್ಡದು.

ಅವರ ಹಾಡುಗಳಲ್ಲಿ ಬಕೆಟ್ ಅಂಕಲ್ ತಾವೇ ಕಟ್ಟಿದ್ದು ಒಂದಿತ್ತು. ಹಡಗು ಹೋಯಿತು, ತುಕ್ಕು ನನ್ನ ಕೈಯಲ್ಲಿ ಉಳಿಯಿತು, ಅಂತ ಎರಡು ಸಲ. ಸೋಪು ಹಾಕಿ ತೊಳೆದು ಬಂದರೂ ಹೆಂಡತಿ ಮೂಗು ಮುಚ್ಚಿದಳು, ಅಂತ ಉತ್ತರ. ಎರಡನೆಯದರಲ್ಲಿ, ನನ್ನ ಮಹಡಿಗೆ ಲಿಫ್ಟ್ ನಿಲ್ಲುವುದಿಲ್ಲ, ಸಾವೂ ಮೆಟ್ಟಿಲು ಹತ್ತಿಕೊಂಡೇ ಬರಲಿ, ಅಂತ. ಮೂರನೆಯದರಲ್ಲಿ ಮಾತು ಕಡಿಮೆ, ಟಿನ್ನಿನದೇ ಅಳು. ನಾಲ್ಕನೆಯ ಚರಣ ಪ್ರತಿ ಸಲವೂ ಹೊಸದು. ಅಲ್ಲಿಯವರೆಗೆ ಹೋಗದೆ ನಿಂತವರು ಯಾರೋ, ಅವರ ಮುಖ ನೋಡಿ ಅಲ್ಲೇ ಕಟ್ಟಿ ಹಾಡುವುದು. ನನಗೆ ಒಮ್ಮೆ ಸಿಕ್ಕಿತ್ತು. ಮಳೆ ಬರುವ ಹಾಗಿತ್ತು, ದಾರಿ ಖಾಲಿಯಿತ್ತು, ನಾನು ರೆಕಾರ್ಡರ್ ತಂದಿರಲಿಲ್ಲ. ಬೆಂಡೆಕಾಯಿ ಹಿಡಿದು ನಿಂತ ಹುಡುಗಿ ಯಾರಿಗೋ ಕಿವಿ ಕೊಟ್ಟಿದ್ದಾಳೆ, ಅವರು ಇಲ್ಲಿಲ್ಲ, ಅಂತ ಹಾಡಿದರು. ಅಪ್ಪನ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ.

ಆಮೇಲೆ ಗಂಟಲಿನದು ಬಂತು. ಬಕೆಟ್ ಅಂಕಲ್‌ಗೆ ದನಿ ಒಡೆಯುತ್ತಿತ್ತು, ಆಸ್ಪತ್ರೆಗೆ ಹೋದರು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರಂತೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಟಿನ್ ಅಂಕಲ್ ಅದನ್ನು ನನಗೆ ಹೇಳಿದ ರೀತಿ ಹೀಗೆ:

“ಒಳ್ಳೇದೇ ಆಯ್ತು ಮಾ. ಇಷ್ಟು ವರ್ಷ ಇವನ ಕಿರುಚಾಟದಲ್ಲಿ ನನ್ನ ತಂತಿ ಯಾರಿಗೂ ಕೇಳಿಸಿಲ್ಲ.”

ಬಕೆಟ್ ಅಂಕಲ್ ನಕ್ಕರು, ನಗು ಕೆಮ್ಮಾಯಿತು. ಟಿನ್ ಅಂಕಲ್ ಬೇರೆ ಕಡೆ ನೋಡುತ್ತಾ ಸಾಸ್ ಬಾಟಲಿಯ ಕತ್ತನ್ನು ಅಂಗಿಯಿಂದ ಒರೆಸಿದರು, ಒರೆಸುತ್ತಲೇ ಇದ್ದರು.

ಆವತ್ತು ಮೂವರೂ ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಹೋದೆವು. ಟಿನ್ ಅಂಕಲ್ ಕಾಫಿ ತರಲು ಕ್ಯೂನಲ್ಲಿ ನಿಂತಾಗ ಬಕೆಟ್ ಅಂಕಲ್ ನನ್ನ ಕಡೆ ಬಗ್ಗಿದರು. ನಾನು ಕಟ್ಟಿದ ಆ ಹಾಡು ಒಂದನ್ನು ಪೂರ್ತಿ ಹಿಡಿದುಕೊಡು ಗರ್ಲ್, ಅಂದರು. ಆಪರೇಷನ್ ಆದ ಮೇಲೆ ಸ್ಪೀಕರಿನಲ್ಲಿ ಹಾಕಿಕೊಂಡರೆ, ಅವನು ನನ್ನ ದನಿಯ ಜೊತೆ ಬಾರಿಸುತ್ತಿರಬಹುದು. ಆಮೇಲೆ ದನಿ ತಗ್ಗಿಸಿ ಹೇಳಿದರು:

“ಈ ಸಲ ನಾಲ್ಕನೇದು ಅವನಿಗೆ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದಾನೆ, ಅವನಿಗೆ ಅಂತ ಒಂದ್ಸಲಾನೂ ಹಾಡಿಲ್ಲ. ನಿಂತವರಿಗೆ ಹಾಡಿದೆ, ಕೂತವನಿಗೆ ಹಾಡಲಿಲ್ಲ.”

ಏನು ಹಾಡುತ್ತೀರಿ ಅಂತ ಕೇಳಿದೆ. ಅಲ್ಲಿಗೆ ಹೋದಾಗ ಗೊತ್ತಾಗತ್ತೆ, ಅಂದರು. ಹಾಗಾದರೆ ಬರೆದಾದರೂ ಇಡಿ ಅಂಕಲ್, ಅಂದೆ. ಓದಿದವಳು ನಾನು, ನನಗೆ ಹೊಳೆಯುವುದೇ ಅದು.

“ಬರೆದ್ರೆ ವಿಲ್ ಥರ ಆಗತ್ತೆ ಗರ್ಲ್. ಅವನಿಗೆ ಬಿಟ್ಟು ಹೋಗಕ್ಕೆ ನನ್ನ ಹತ್ರ ಏನಿದೆ? ಬಕೆಟ್ಟು. ಹಾಡಿದ್ರೆ ಮಾತ್ರ ಸರಿ. ಅವನಿಗೆ ಹೇಳ್ಬೇಡ.”

ಟಿನ್ ಅಂಕಲ್ ಮೂರು ಲೋಟ ಒಟ್ಟಿಗೆ ಹಿಡಿದುಕೊಂಡು ಬಂದರು. ನನ್ನನ್ನು ಬಿಟ್ಟು ಹುಡುಗಿಯ ಹತ್ತಿರ ಏನು ಗುಸುಗುಸು, ಅಂದರು. ನಿನ್ನ ತಾಳ ತಪ್ಪುವುದರ ಬಗ್ಗೆ ದೂರು ಕೊಡುತ್ತಿದ್ದೆ, ಅಂದರು ಇವರು.

ಒಂದು ಶನಿವಾರ, ಮೇಲಿನವರ ಅನುಮತಿ ಪಡೆದು, ಅವರಿಬ್ಬರನ್ನೂ ಕಾಕಿ ಬುಕಿತ್‌ನ ನಮ್ಮ ಕಂಪನಿಗೆ ಕರೆದುಕೊಂಡು ಹೋದೆ. ಅಲ್ಲಿ ಸ್ಪೀಕರ್ ಟೆಸ್ಟ್ ಮಾಡುವುದಕ್ಕೆಂದೇ ಒಂದು ಕೋಣೆ ಇದೆ. ಗೋಡೆ, ಚಾವಣಿ, ನೆಲ ಎಲ್ಲ ಕಡೆ ಫೋಮಿನ ಚೂಪುಗಳು, ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನದು ಎಲ್ಲೂ ಬಡಿದು ವಾಪಸ್ ಬರುವುದಿಲ್ಲ. ನನ್ನ ಸಂಪಾದನೆಯ ಜಾಗ ಅದು. ಅಪ್ಪನಿಗೆ ತೋರಿಸಲಾಗದ್ದನ್ನು ಇವರಿಗೆ ತೋರಿಸಿದೆ ಅಂತ ಒಳಗೊಳಗೇ ಹೆಮ್ಮೆಯಿತ್ತು. ನಾಣ್ಯ ಹಾಕುವವರು ಇಲ್ಲಿ ಯಾರೂ ಇಲ್ಲ.

ಬಕೆಟ್ಟು ಆ ನೆಲದ ಮೇಲೆ ಸತ್ತೇಹೋಯಿತು. ಪಟ್ ಪಟ್ ಅಂತ ರಟ್ಟು ಬಡಿದ ಹಾಗೆ. ಬಕೆಟ್ ಅಂಕಲ್ ಎರಡು ಸಾಲು ಹಾಡಿ ನಿಲ್ಲಿಸಿ, ಕೈಯಿಂದ ಬಾಯಿ ಮುಟ್ಟಿ ನೋಡಿಕೊಂಡರು.

“ಇಲ್ಲಿ ಹಾಡಿದ್ದು ಬಾಯಿಂದ ಆಚೆಗೇ ಹೋಗಲ್ಲ ಗರ್ಲ್. ಆಪರೇಷನ್ ಆದ್ಮೇಲೆ ಹಿಂಗೇ ಇರತ್ತೆ ಅನ್ಸತ್ತೆ.”

ಆಮೇಲೆ ಅಲ್ಲಿ ಹಾಡಲಿಲ್ಲ. ಅವರ ಮನೆಯಲ್ಲಿ ಮಾಡೋಣ ಅಂದರೆ, ಪಕ್ಕದ ಮನೆಯವರು ಹಿಂದೆ ದೂರು ಕೊಟ್ಟಿದ್ದರು. ಮನೆಯಲ್ಲಿ ಜಾಲರಿಯೂ ಇಲ್ಲ. ಬೀದಿಯಲ್ಲಿ ಹಾಡಲು ಸರ್ಕಾರ ಕೊಡುವ ಲೈಸೆನ್ಸಿನಲ್ಲಿ ಅವರಿಗೆ ಇದ್ದದ್ದು ಆ ಕಾಲುದಾರಿ, ಆ ಭಾನುವಾರದ ಹೊತ್ತು. ಹಾಗಾಗಿ ಉಳಿದದ್ದು ಒಂದೇ ದಾರಿ, ನಾಣ್ಯ ಬಿದ್ದರೂ ನಿಲ್ಲಿಸದೆ ಹಾಡುವುದು. ಬಕೆಟ್ ಅಂಕಲ್ ತಾವೇ ಕೇಳಿದರು, ಈ ಒಂದು ಸಲಕ್ಕೆ ಬಿಟ್ಟುಬಿಡೋಣ ಅಂತ. ಟಿನ್ ಅಂಕಲ್ ಒಪ್ಪಲಿಲ್ಲ. ನಾನೂ ಸೇರಿಕೊಂಡೆ, ಇದು ರೆಕಾರ್ಡಿಂಗ್ ಅಂಕಲ್, ನಿಮಗೋಸ್ಕರವೇ ಅಂದೆ. ಯಾಕೆ ನಿಮಗೋಸ್ಕರ ಅಂತ ಹೇಳುವ ಹಾಗಿರಲಿಲ್ಲ.

“ನೀನು ಓದಿದೀಯ, ನಿನಗೆ ನಾನೇನು ಹೇಳಲಿ ಮಾ” ಅಂದರು. “ಮೊದಲಿಂದ ಹಾಡ್ತೀವಲ್ಲ, ಅದಕ್ಕೇ ನಾವು ಹಾಡೋರು. ಬಿದ್ದ ದುಡ್ಡನ್ನ ನೋಡಿ ಸುಮ್ನೆ ಮುಂದೆ ಹೋದ್ರೆ, ನಾವು ಬೇಡೋರು.”

ಎಲ್ಲರೂ ಎದ್ದ ಮೇಲೆ ಹಾಕುತ್ತಿದ್ದ ಆ ಎಲೆ, ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂರುತ್ತಿದ್ದ ಅಪ್ಪ, ಕಣ್ಣ ಮುಂದೆ ಬಂದ. ಟಿನ್ ಅಂಕಲ್ ಹೇಳಿದ್ದು ಸರಿ. ಸರಿಯಾಗಿದ್ದರಿಂದಲೇ ದಾರಿ ಮುಚ್ಚಿಹೋಯಿತು.

ಆಪರೇಷನ್ನಿಗೆ ಮೊದಲಿನ ಕೊನೆಯ ಭಾನುವಾರ ಬಂತು. ದುಡ್ಡಿನ ಡಬ್ಬಿಯನ್ನೇ ಇಡುವುದು ಬೇಡ, ಬೀಳದಿದ್ದರೆ ನಿಲ್ಲಿಸುವ ಪ್ರಶ್ನೆಯೇ ಇಲ್ಲ ಅಂದೆ. ಅದಕ್ಕೆ ಟಿನ್ ಅಂಕಲ್ ಒಪ್ಪಿದರು. ಡಬ್ಬಿಯನ್ನು ತಮ್ಮ ಟ್ರಾಲಿ ಚೀಲದೊಳಗೆ ಇಟ್ಟು ಜಿಪ್ ಹಾಕಿದರು. ನಾನು ರಟ್ಟಿನ ಮೇಲೆ ‘ಇವತ್ತು ದುಡ್ಡು ಬೇಡ’ ಅಂತ ಇಂಗ್ಲಿಷಿನಲ್ಲಿ ಬರೆದೆ, ಕೆಳಗೆ ಬಕೆಟ್ ಅಂಕಲ್ ಚೀನೀಯಲ್ಲಿ ಬರೆದರು. ಅದನ್ನು ಓದಿದ ಒಬ್ಬ ಆಂಟಿಗೆ ಇನ್ನೂ ಕನಿಕರ ಬಂತು. ದುಡ್ಡೂ ಬೇಡ ಅನ್ನುವ ಸ್ಥಿತಿಗೆ ಬಂದಿದ್ದಾರೆ ಪಾಪ, ಅಂತ ಹೋಗಿ ಎರಡು ಕಾಫಿ ತಂದು ಸ್ಟೂಲಿನ ಪಕ್ಕ ಇಟ್ಟರು. ಟಿನ್ ಅಂಕಲ್ ಬಾರಿಸುತ್ತಲೇ ಕಾಫಿಯನ್ನು ನೋಡಿದರು, ನಾನು ಅವರನ್ನು ನೋಡಿದೆ. ಸದ್ದಾಗಿಲ್ಲ ಅನ್ನುವ ಹಾಗೆ ತಲೆಯಾಡಿಸಿ ಮುಂದುವರಿಸಿದರು. ಬಕೆಟ್ ಅಂಕಲ್‌ಗೆ ನಗು ತಡೆಯಲಾಗದೆ ಆ ಸಲದ್ದು ಅಲ್ಲೇ ನಿಂತಿತು. ನಮಗೆ ಮೂವರಿಗೂ ಕೊನೆಯದಾಗಿ ಸಿಕ್ಕ ನಗು ಅದು.

ಎರಡನೆಯ ಸಲ ಚೆನ್ನಾಗಿ ಹೊರಟಿತು. ದನಿ ಒಡೆದಿತ್ತು, ಒಡೆದದ್ದರಿಂದಲೇ ಏನೋ, ಮೈ ಜುಮ್ಮೆನ್ನುತ್ತಿತ್ತು. ತುಕ್ಕಿನದು ಮುಗಿಯಿತು. ಲಿಫ್ಟಿನದು ಮುಗಿಯಿತು. ಜನ ಅರ್ಧ ಸುತ್ತು ನಿಂತಿದ್ದರು. ನನ್ನ ಕಿವಿಯಲ್ಲಿ ಹೆಡ್‌ಫೋನು, ಕೈಯಲ್ಲಿ ರೆಕಾರ್ಡರು, ಉಸಿರಾಟವೂ ಕೇಳಿಸಬಾರದು ಅಂತ ಬಾಯಿ ತೆರೆದುಕೊಂಡು ನಿಂತಿದ್ದೆ. ಮೂರನೆಯದರ ಕೊನೆಯಲ್ಲಿ ಟಿನ್ನು ಅತ್ತು ಅತ್ತು ಇಳಿಯಿತು. ಬಕೆಟ್ ಅಂಕಲ್ ಗಳುವನ್ನು ಹಿಂದಕ್ಕೆ ಎಳೆದು, ಸ್ಟೂಲಿನ ಮೇಲೆ ಪೂರ್ತಿ ಪಕ್ಕಕ್ಕೆ ತಿರುಗಿದರು. ಜನರಿಗೆ ಭುಜ ಕೊಟ್ಟು, ಟಿನ್ ಅಂಕಲ್ ಮುಖದ ಕಡೆಗೆ. ಟಿನ್ ಅಂಕಲ್ ಕಣ್ಣು ಮುಚ್ಚಿದ್ದರು.

ಆಗ ಹೆಡ್‌ಫೋನಿನಲ್ಲಿ, ನನ್ನ ಬೆನ್ನ ಹಿಂದಿನಿಂದ, ಕನ್ನಡ ಕೇಳಿಸಿತು.

“ಹೋಗು ಪುಟ್ಟಾ, ನಿನ್ನ ಕೈಯಲ್ಲೇ ಹಾಕು. ಮೆತ್ತಗೆ.”

ನಮ್ಮಲ್ಲಿ ಹಾಗೆ. ಏನೇ ಕೊಡುವುದಿದ್ದರೂ ಮಗುವಿನ ಕೈಯಿಂದ ಕೊಡಿಸುತ್ತೇವೆ, ಕೊಡುವುದು ರೂಢಿಯಾಗಲಿ ಅಂತ. ನನ್ನ ಅಮ್ಮನೂ ಕೊಡಿಸುತ್ತಿದ್ದಳು, ನಮಗೇ ಇಲ್ಲದಿದ್ದಾಗಲೂ. ಒಂದು ಪುಟ್ಟ ಹೆಣ್ಣುಮಗು ನನ್ನ ಪಕ್ಕದಿಂದ ನುಸುಳಿ ಮುಂದೆ ಹೋಯಿತು. ಡಬ್ಬಿ ಎಲ್ಲಿ ಅಂತ ಸುತ್ತ ನೋಡಿತು. ಕಾಣಲಿಲ್ಲ. ಕಂಡದ್ದು ಬಿಸ್ಕತ್ ಟಿನ್ನಿನ ತೂತು. ನಾನು ಕೈ ಚಾಚುವಷ್ಟರಲ್ಲಿ ನಾಣ್ಯ ಅದರೊಳಗೆ ಬಿತ್ತು.

ವಾದ್ಯದ ಹೊಟ್ಟೆಯೊಳಗೇ ಬಿದ್ದದ್ದು. ಅಷ್ಟು ಜೋರಾಗಿ ನಾಣ್ಯದ ಸದ್ದು ನಾನು ಯಾವತ್ತೂ ಕೇಳಿಲ್ಲ. ಟಿನ್ ಅಂಕಲ್ ಕಣ್ಣು ಬಿಟ್ಟರು. ಎದುರಿಗೆ ಮಗು. ತಂತಿಯನ್ನು ಅಂಗೈಯಿಂದ ಒತ್ತಿ ಸದ್ದು ನಿಲ್ಲಿಸಿ, ಮಗುವಿಗೆ ತಲೆ ಬಾಗಿಸಿದರು. ಬಕೆಟ್ ಅಂಕಲ್ ಹಾಡಲೆಂದು ತೆರೆದ ಬಾಯಿ ತೆರೆದೇ ಇತ್ತು.

“ಮೊದಲಿಂದ” ಅಂದರು ಟಿನ್ ಅಂಕಲ್.

ಮೊದಲ ಚರಣದ ಮೊದಲ ಸಾಲಿನಲ್ಲೇ ಕೆಮ್ಮು ಬಂತು. ಇನ್ನೊಮ್ಮೆ ಶುರು ಮಾಡಿದರು, ಬರೀ ಗಾಳಿ ಬಂತು. ಟಿನ್ ಅಂಕಲ್ ಎದ್ದು ನೀರಿನ ಬಾಟಲಿ ಕೊಟ್ಟು, ಬೆನ್ನು ನೀವಿ, ಸಾಕು, ಇನ್ನೊಂದು ದಿನ ಹಾಡಿದರಾಯಿತು ಅಂದರು. ಇನ್ನೊಂದು ದಿನ ಇಲ್ಲ ಅನ್ನುವುದು ನಮಗೆ ಮೂವರಿಗೂ ಗೊತ್ತಿತ್ತು. ಆ ತಾಯಿ ಹತ್ತಿರ ಬಂದು, ನನ್ನ ಬಣ್ಣ ನೋಡಿ ಇಲ್ಲಿಯ ತಮಿಳಿನವಳು ಅಂದುಕೊಂಡರೇನೋ, ಇಂಗ್ಲಿಷಿನಲ್ಲೇ, ತುಂಬಾ ಚೆನ್ನಾಗಿತ್ತು, ನಿಂತುಹೋಯಿತಲ್ಲ ಯಾಕೆ ಅಂತ ಕೇಳಿದರು. ಒಳ್ಳೆಯ ಹೆಂಗಸು. ನಾನು ಕನ್ನಡದವಳು ಅಂತ ಹೇಳಿಕೊಳ್ಳಲಿಲ್ಲ. ಅಂಕಲ್‌ಗೆ ಸುಸ್ತಾಗಿದೆ ಅಂತ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ.

ಆಪರೇಷನ್ ಆದ ಮೇಲೆ ವಾರ್ಡಿಗೆ ಹೋಗಿ ನೋಡಿದೆ. ಕುತ್ತಿಗೆಯಲ್ಲಿ ತೂತು, ಅದರ ಮೇಲೆ ಬಿಳಿ ಬಟ್ಟೆ. ಟಿನ್ ಅಂಕಲ್ ಹಣ್ಣು ತೊಳೆಯಲು ಹೋದಾಗ ನಾನು ಚೀಟಿ, ಪೆನ್ನು ಮುಂದೆ ಹಿಡಿದೆ. ಅವತ್ತಿನ ನಾಲ್ಕನೆಯದು ಅಂಕಲ್, ಈಗಲಾದರೂ ಬರೆಯಿರಿ ಅಂದೆ. ಅವರು ಪೆನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯನ್ನೇ ಹಿಡಿದು, ಪೆನ್ನಿನ ಸಮೇತ ನನ್ನ ಕಡೆಗೆ ತಳ್ಳಿದರು.

ತಿಂಗಳುಗಳು ಕಳೆದ ಮೇಲೆ ಇಬ್ಬರೂ ಮತ್ತೆ ಕಾಲುದಾರಿಗೆ ಬಂದರು. ನಾನು ಒಂದು ಸಣ್ಣ ಸ್ಪೀಕರ್ ತಂದುಕೊಟ್ಟೆ. ಮೂರು ಚರಣವನ್ನು ಅದರಲ್ಲಿ ಹಾಕಿದೆ. ಬಕೆಟ್ ಅಂಕಲ್ ತಮ್ಮದೇ ದನಿಗೆ ತಾವೇ ಹಗ್ಗ ಮೀಟುತ್ತಾ ಕೂತರು. ಟಿನ್ ಅಂಕಲ್ ಕಣ್ಣು ಮುಚ್ಚಿ ಬಾಟಲಿ ಜಾರಿಸಿದರು. ತುಕ್ಕಿನದು ಆಯಿತು, ಲಿಫ್ಟಿನದು ಆಯಿತು, ಟಿನ್ನು ಎರಡೆರಡು ದನಿಯಲ್ಲಿ ಅತ್ತು ಇಳಿಯಿತು. ಸ್ಪೀಕರಿನಲ್ಲಿ, ಹಿಂದಿನಿಂದ, ಹೋಗು ಪುಟ್ಟಾ ಅನ್ನುವ ದನಿ. ಕೆಮ್ಮನ್ನು ಕತ್ತರಿಸಿ ತೆಗೆಯಬಹುದಿತ್ತು, ಈ ಮಾತನ್ನೂ ತೆಗೆಯಬಹುದಿತ್ತು. ಮೂಲ ಸದ್ದನ್ನು ತೆಗೆದುಹಾಕುವುದು ನನ್ನ ಕೈಲಾಗುವುದಿಲ್ಲ. ನಾಣ್ಯ ಬಿತ್ತು.

ಟಿನ್ ಅಂಕಲ್ ಅಂಗೈಯಿಂದ ತಂತಿ ಒತ್ತಿದರು.

“ಮೊದಲಿಂದ ಹಾಕು ಮಾ.”

ಅದು ರೆಕಾರ್ಡಿಂಗಿನ ನಾಣ್ಯ ಅಂಕಲ್, ಅವತ್ತಿಂದು ಅಂದೆ.

“ಕೊಟ್ಟಿದಾರಲ್ಲ.”

ಬಕೆಟ್ ಅಂಕಲ್ ಅವರ ಕಡೆಗೆ ತಿರುಗಿದ್ದರು, ಅವತ್ತಿನ ಹಾಗೆಯೇ, ಭುಜ ನಮಗೆ ಕೊಟ್ಟು. ತುಟಿ ಅಲ್ಲಾಡುತ್ತಿತ್ತು. ಕುತ್ತಿಗೆಯ ಬಟ್ಟೆ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ. ಟಿನ್ ಅಂಕಲ್ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು, ನಾನು ಶುರು ಮಾಡಲಿ ಅಂತ. ನಿಮಗೊಂದು ಚರಣ ಇತ್ತು ಅಂಕಲ್ ಅಂತ ಹೇಳಿಬಿಡೋಣ ಅನ್ನಿಸಿತು. ಅದರಲ್ಲಿ ಏನಿತ್ತು ಅಂತ ಕೇಳಿದರೆ ನನ್ನ ಹತ್ತಿರ ಏನಿದೆ? ಬಾಯಿ ತೆರೆದು ನಿಂತ ಒಂದು ಉಸಿರು, ಅದರ ಮೇಲೆ ನಾಣ್ಯ.

ಬಕೆಟ್ ಅಂಕಲ್ ತುಟಿ ಮುಚ್ಚಿದರು. ಗಳುವನ್ನು ನೆಟ್ಟಗೆ ಮಾಡಿ, ಜನರ ಕಡೆ ತಿರುಗಿ ಕೂತು, ನನಗೆ ತಲೆಯಾಡಿಸಿದರು.

ನಾನು ಮೊದಲಿಂದ ಹಾಕಿದೆ.